ಮೂಗಿಗಿಂತ ಮೂಗುತಿ ಭಾರ: ಅಮೆರಿಕದಲ್ಲಿ ಬಾಡಿಗೆ ಕಾರು ಪಡೆಯುವ ಮುನ್ನ

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ನಮ್ಮ ಸಮಾಜದಲ್ಲಿ ಈಗ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಿಗೆ ಮಾತ್ರ ಸೀಮಿತವಾಗಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿಯೂ ಹಳ್ಳಿಗಳಲ್ಲಿಯೂ ಅಂತಹ ಮನೆಗಳಿವೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಗನ ಹುಟ್ಟುಹಬ್ಬಕ್ಕೆಂದೋ, ಉತ್ತರ ಅಮೆರಿಕದ ವೀರಶೈವ ಸಮಾಜದ ಸಮಾವೇಶಕ್ಕೆಂದೋ ಹಿರಿಯರು ವೀಸಾ ಪಡೆದು ಹೊರಡುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಔಷಧಿಗಳು, ಬೆಚ್ಚನೆಯ ಉಡುಪು ಎಲ್ಲದರ ಪಟ್ಟಿಯೂ ತಿಂಗಳ ಮೊದಲೇ ಸಿದ್ಧವಾಗುತ್ತದೆ. ಆದರೆ ಅಲ್ಲಿ ಇಳಿದ ಮೇಲೆ ಕೈಗೆ ಬರುವ, ಸಹಿ ಬೇಡುವ ಒಂದು ಕರಾರುಪತ್ರದ ಬಗ್ಗೆ ಹೊರಡುವ ಮುನ್ನ ಯಾರೂ ಮಾತನಾಡುವುದಿಲ್ಲ. ಅದು ಬಾಡಿಗೆ ಕಾರಿನ ಕರಾರು.

ನಮ್ಮಲ್ಲಿ ಬಾಡಿಗೆ ಕಾರು ಎಂದರೆ ಚಾಲಕನೊಡನೆ ಬರುವ ವಾಹನ. ಧರ್ಮಸ್ಥಳಕ್ಕೋ ಕೂಡಲಸಂಗಮಕ್ಕೋ ಹೋಗಿಬರಲು ಕಿಲೋಮೀಟರಿಗೆ ಇಷ್ಟು, ಚಾಲಕನ ಭತ್ಯೆ ಇಷ್ಟು ಎಂದು ಮಾತಾದರೆ ಮುಗಿಯಿತು. ದಾರಿಯಲ್ಲಿ ಏನಾದರೂ ಸಂಭವಿಸಿದರೆ ಅದು ಮಾಲೀಕನ ಮತ್ತು ಅವನ ವಿಮಾ ಕಂಪನಿಯ ಹೊಣೆ. ಅಮೆರಿಕದಲ್ಲಿ ಬಾಡಿಗೆಗೆ ಸಿಗುವುದು ಕಾರು ಮಾತ್ರ. ನಡೆಸುವವರು ನಾವೇ, ಇಂಧನ ತುಂಬಿಸುವವರು ನಾವೇ, ಹೊಣೆ ಹೊರುವವರೂ ನಾವೇ. ಮಕ್ಕಳ ಮನೆಯಲ್ಲಿ ಕಾರು ಇದ್ದರೂ, ಊರು ನೋಡಲು ಹೊರಟ ಏಳೆಂಟು ಜನರ ಕುಟುಂಬಕ್ಕೆ ಅದು ಸಾಲದೆ ದೊಡ್ಡ ವಾಹನ ಬಾಡಿಗೆಗೆ ಪಡೆಯುವುದು ಅಲ್ಲಿ ತೀರ ಸಾಮಾನ್ಯ.

ಕಾದಿರಿಸುವಾಗ ದಿನಕ್ಕೆ 40 ಡಾಲರ್ ಎಂದು ಕಂಡ ಕಾರು, ವಾರ ಕಳೆದು ಬಿಲ್ಲು ಬಂದಾಗ ಅದರ ಇಮ್ಮಡಿಯಾಗಿರುವುದು ಅಪರೂಪವಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ನಮ್ಮ ಗಾದೆ ಈ ವ್ಯವಹಾರಕ್ಕೆಂದೇ ಹುಟ್ಟಿದಂತಿದೆ. ಈ ಮೂಗುತಿಯ ಒಂದೊಂದು ಹರಳನ್ನೂ ಬಿಡಿಸಿ ನೋಡಿದರೆ ಯಾವುದು ಅನಿವಾರ್ಯ, ಯಾವುದು ಅನಗತ್ಯ, ಯಾವುದನ್ನು ಬಿಟ್ಟರೆ ಮನೆಯೇ ಮುಳುಗಬಹುದು ಎಂಬುದು ತಿಳಿಯುತ್ತದೆ.

ಮೊದಲನೆಯದು ವಿಮಾನ ನಿಲ್ದಾಣದ ಶುಲ್ಕ. ವಾರನ್ ಏವಿಸ್ ಎಂಬವರು 1946ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಬಳಿಯ ವಿಲ್ಲೋ ರನ್ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರಿನ ವ್ಯಾಪಾರ ಆರಂಭಿಸಿದರು. ಅಲ್ಲಿಯವರೆಗೆ ಈ ವ್ಯಾಪಾರ ಬಹುಮಟ್ಟಿಗೆ ನಗರದ ಪೇಟೆಗಳಲ್ಲಿತ್ತು. ಇಳಿದವನ ಕಣ್ಣೆದುರಿಗೇ ಕಾರು ಎಂಬ ಅವರ ಯೋಚನೆ ಫಲಿಸಿತು. ಇಂದು ಅಲ್ಲಿ ಮಾರಾಟಕ್ಕಿರುವ ಅನುಕೂಲವೂ ಅದೇ, ಬೆಲೆಯೂ ಅದಕ್ಕೇ. ತನ್ನ ಆವರಣದಲ್ಲಿ ವ್ಯಾಪಾರ ಮಾಡಲು ಬಿಟ್ಟಿದ್ದಕ್ಕೆ ನಿಲ್ದಾಣವು ಕಂಪನಿಯ ಆದಾಯದಲ್ಲಿ ಪಾಲು ಕೇಳುತ್ತದೆ. ಕಂಪನಿಯು ಅದನ್ನು ಗ್ರಾಹಕನ ಬಿಲ್ಲಿಗೆ ದಾಟಿಸುತ್ತದೆ. ಅನೇಕ ನಿಲ್ದಾಣಗಳಲ್ಲಿ ಈ ಪಾಲು ಶೇಕಡಾ 10. ಆದರೆ ಬಿಲ್ಲಿನಲ್ಲಿ ಶೇಕಡಾ 11.11 ಎಂದಿರುತ್ತದೆ. ಗ್ರಾಹಕನಿಂದ ವಸೂಲು ಮಾಡಿದ ಈ ಹಣವೂ ಆದಾಯವೆಂದೇ ಎಣಿಕೆಯಾಗಿ ಅದರಲ್ಲಿಯೂ ಹತ್ತರಲ್ಲೊಂದು ಪಾಲು ನಿಲ್ದಾಣಕ್ಕೆ ಸಲ್ಲಬೇಕಾಗುವುದರಿಂದ ಲೆಕ್ಕ ಹಾಗೆ ಕೂಡುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಹೊರೆ ಮಾತ್ರ ನಮ್ಮದು. ಇದಲ್ಲದೆ ಬಾಡಿಗೆ ಕಟ್ಟಡದ ಶುಲ್ಕ, ರಾಜ್ಯದ ತೆರಿಗೆ, ನಗರದ ತೆರಿಗೆ, ವಾಹನ ನೋಂದಣಿಯ ವೆಚ್ಚ ಎಂದು ಸಾಲು ಬೆಳೆಯುತ್ತದೆ. ಮಗ ನಿಲ್ದಾಣಕ್ಕೆ ಬಂದು ಕರೆದೊಯ್ಯುವುದಾದರೆ ಎರಡು ದಿನ ದಣಿವಾರಿಸಿಕೊಂಡು ಮನೆಯ ಸಮೀಪದ ನಗರ ಶಾಖೆಯಿಂದ ಕಾರು ಪಡೆಯುವುದು ಲೇಸು. ಅಲ್ಲಿ ಈ ಸಾಲಿನ ಕೆಲವು ಶುಲ್ಕಗಳಿರುವುದಿಲ್ಲ. ಪ್ರಯಾಣದ ನಿದ್ರೆಗಣ್ಣಿನಲ್ಲಿ ಸಹಿ ಹಾಕುವ ಪ್ರಸಂಗವೂ ತಪ್ಪುತ್ತದೆ. ಆದರೆ ಶಾಖೆಗಳು ರವಿವಾರ ಮುಚ್ಚಿರಬಹುದು, ಸಂಜೆ ಬೇಗನೆ ಬಾಗಿಲು ಹಾಕಬಹುದು. ಸಮಯ ವಿಚಾರಿಸಿ ಹೊರಡಬೇಕು.

ಬಚ್ಚಿಟ್ಟ ಶುಲ್ಕಗಳ ವಿರುದ್ಧ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗವು ತಂದ ನಿಯಮವೊಂದು 2025ರ ಮೇ 12ರಿಂದ ಜಾರಿಗೆ ಬಂದಿತು. ಅದು ಹೋಟೆಲು ಮೊದಲಾದ ತಂಗುದಾಣಗಳಿಗೂ ಸಭೆ, ಸಂಗೀತ, ಆಟೋಟಗಳ ಟಿಕೆಟ್ಟಿಗೂ ಅನ್ವಯಿಸುತ್ತದೆ. ಬಾಡಿಗೆ ಕಾರು ಅದರೊಳಗೆ ಬರಲಿಲ್ಲ. ಆದುದರಿಂದ ದಿನದ ದರವನ್ನು ನೋಡದೆ, ಕೊನೆಯ ಪುಟದ ಒಟ್ಟು ಮೊತ್ತವನ್ನು ಮಾತ್ರ ಒಂದು ಕಂಪನಿಗೂ ಇನ್ನೊಂದಕ್ಕೂ ಹೋಲಿಸಬೇಕು.

ಎರಡು ಹೊಣೆಗಳು

ಇಷ್ಟು ಶುಲ್ಕದ ಮಾತಾಯಿತು. ವಿಮೆಯ ಮಾತು ಇದಕ್ಕಿಂತ ಹಿರಿದು. ಕೌಂಟರಿನಲ್ಲಿ ನಿಂತ ಗುಮಾಸ್ತನು ನಗುಮುಖದಿಂದ ನಾಲ್ಕೈದು ರಕ್ಷಣೆಗಳ ಹೆಸರು ಹೇಳಿ ‘ಎಲ್ಲವೂ ಇರಲಿ ಅಲ್ಲವೇ’ ಎಂಬ ಧಾಟಿಯಲ್ಲಿ ಕೇಳುತ್ತಾನೆ. ಮಾರಿದ ರಕ್ಷಣೆಗೆ ಅವನಿಗೆ ಪ್ರೋತ್ಸಾಹಧನ ಸಿಗುವುದು ಈ ವ್ಯಾಪಾರದಲ್ಲಿ ರೂಢಿ. ಅವನನ್ನು ದೂರಿ ಫಲವಿಲ್ಲ. ಭಯಪಟ್ಟು ಎಲ್ಲವನ್ನೂ ಕೊಳ್ಳುವವರುಂಟು, ದುಡ್ಡು ಸುಲಿಯುತ್ತಾರೆಂದು ಎಲ್ಲವನ್ನೂ ನಿರಾಕರಿಸುವವರುಂಟು. ಎರಡೂ ಸರಿಯಲ್ಲ. ಅಲ್ಲಿ ನಿಜವಾಗಿ ಇರುವುದು ಎರಡೇ ಪ್ರಶ್ನೆ. ನಾವು ಪಡೆದ ಕಾರಿಗೆ ಹಾನಿಯಾದರೆ ಯಾರು ತೆರಬೇಕು? ನಮ್ಮ ಕಾರಿನಿಂದ ಬೇರೆಯವರಿಗೆ ಹಾನಿಯಾದರೆ ಯಾರು ತೆರಬೇಕು?

ಮೊದಲನೆಯ ಪ್ರಶ್ನೆಗೆ ಕಂಪನಿಯು ಕೊಡುವ ಉತ್ತರದ ಹೆಸರು ಡ್ಯಾಮೇಜ್ ವೇವರ್. ಕೊಲಿಷನ್ ಡ್ಯಾಮೇಜ್ ವೇವರ್ ಎಂದೂ, ಲಾಸ್ ಡ್ಯಾಮೇಜ್ ವೇವರ್ ಎಂದೂ ಬರೆದಿರುತ್ತಾರೆ. ಹೆಸರೇ ಹೇಳುವಂತೆ ಇದು ವಿಮೆಯಲ್ಲ. ‘ಕಾರಿಗೆ ಹಾನಿಯಾದರೆ, ಕಳುವಾದರೆ ನಿಮ್ಮಿಂದ ವಸೂಲು ಮಾಡುವ ನಮ್ಮ ಹಕ್ಕನ್ನು ಬಿಟ್ಟುಕೊಡುತ್ತೇವೆ’ ಎಂಬ ಕಂಪನಿಯ ಮಾತು. ಈ ಮಾತಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಡಾಲರ್ ಆಗುವುದುಂಟು. ಇದಿಲ್ಲದಿದ್ದರೆ ರಿಪೇರಿಯ ಖರ್ಚಿನ ಜೊತೆಗೆ, ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ನಷ್ಟ, ಅಪಘಾತವಾದ ಕಾರೆಂದು ಮರುಮಾರಾಟದಲ್ಲಿ ಇಳಿಯುವ ಬೆಲೆ, ಕಾಗದಪತ್ರದ ವೆಚ್ಚ ಇವನ್ನೂ ಕಂಪನಿ ಕೇಳಬಹುದು. ಈ ಮಾತು ಷರತ್ತಿಲ್ಲದ್ದೂ ಅಲ್ಲ. ಕುಡಿದು ನಡೆಸಿದರೆ, ಕಚ್ಚಾ ರಸ್ತೆಗೆ ಇಳಿಸಿದರೆ, ಕರಾರಿನಲ್ಲಿ ಹೆಸರಿಲ್ಲದವರು ನಡೆಸಿದರೆ, ಅನುಮತಿಯಿಲ್ಲದೆ ಮೆಕ್ಸಿಕೋ ಗಡಿ ದಾಟಿದರೆ ಬಿಟ್ಟುಕೊಟ್ಟ ಹಕ್ಕು ಕಂಪನಿಗೆ ಮರಳುತ್ತದೆ.

ಏನೇ ಆದರೂ ಈ ಮೊದಲ ಹೊಣೆಗೆ ಒಂದು ಮೇರೆಯಿದೆ. ಕಾರೇ ಪುಡಿಯಾದರೂ ನಷ್ಟವು ಸ್ಥೂಲವಾಗಿ ಆ ಕಾರಿನ ಬೆಲೆಯ ಸುತ್ತಮುತ್ತ ನಿಲ್ಲುತ್ತದೆ. ಎರಡನೆಯ ಹೊಣೆಗೆ ಮೇರೆಯಿಲ್ಲ. ನಮ್ಮವರು ಗಮನವಿಡದೆ ಹೋಗುವುದು ಇಲ್ಲಿಯೇ. ಅದಕ್ಕೆ ಕಾರಣ ನಮ್ಮ ದೇಶದ ಕಾನೂನು ನಮಗೆ ಕಲಿಸಿರುವ ನಿಶ್ಚಿಂತೆ.

1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನಂತೆ ಭಾರತದಲ್ಲಿ ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಯಾರಾದರೂ ಗಾಯಗೊಂಡರೆ, ಮೃತರಾದರೆ, ಪರಿಹಾರವೆಷ್ಟೆಂಬುದನ್ನು ಅಪಘಾತ ಪರಿಹಾರ ನ್ಯಾಯಮಂಡಳಿ ನಿರ್ಧರಿಸುತ್ತದೆ. ಪ್ರಾಣಹಾನಿ ಮತ್ತು ದೇಹಹಾನಿಗೆ ಸಾಮಾನ್ಯ ಪಾಲಿಸಿಯಲ್ಲಿ ಮೊತ್ತದ ಮಿತಿಯಿಲ್ಲ. ಆದ್ದರಿಂದ ‘ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ’ ಎಂದರೆ ನಮ್ಮಲ್ಲಿ ಮಾತು ಮುಗಿಯುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಪ್ರತಿ ರಾಜ್ಯವೂ ತನ್ನದೇ ಕನಿಷ್ಠ ಮೊತ್ತವನ್ನು ಗೊತ್ತುಮಾಡಿದೆ. ಟೆಕ್ಸಾಸಿನಲ್ಲಿ ಅದು ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೂ ಸೇರಿ 60,000 ಡಾಲರ್, ಆಸ್ತಿಹಾನಿಗೆ 25,000 ಡಾಲರ್. ಕ್ಯಾಲಿಫೋರ್ನಿಯದಲ್ಲಿ ಬಹುಕಾಲ ಈ ಅಂಕಿಗಳು 15,000, 30,000 ಮತ್ತು 5,000 ಆಗಿದ್ದವು. 2025ರ ಜನವರಿ 1ರಿಂದ 30,000, 60,000 ಮತ್ತು 15,000ಕ್ಕೆ ಏರಿದವು. ಬಾಡಿಗೆ ಕಂಪನಿಯು ತಾನಾಗಿ ಏನಾದರೂ ರಕ್ಷಣೆ ಕೊಟ್ಟರೂ ಅದು ಅನೇಕ ಕಡೆ ಈ ಕನಿಷ್ಠದಷ್ಟೇ.

ಮೂವತ್ತು ಸಾವಿರ ಡಾಲರ್ ಎಂದರೆ ನಮ್ಮ ಲೆಕ್ಕದಲ್ಲಿ 25 ಲಕ್ಷ ರೂಪಾಯಿಗೂ ಮೇಲೆ; ದೊಡ್ಡ ಮೊತ್ತವೆನಿಸಬಹುದು. ಆದರೆ ಅಲ್ಲಿನ ಆಸ್ಪತ್ರೆಯ ಬಿಲ್ಲನ್ನು ಒಮ್ಮೆ ಕಂಡವರು ಹಾಗೆನ್ನಲಾರರು. ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿ ವಾರವೊಂದು ಮಲಗಿದರೆ ಆ ಮೊತ್ತ ಅಷ್ಟಕ್ಕೇ ಮುಗಿದುಹೋಗಬಹುದು. ಮಿಕ್ಕುದನ್ನು ಗಾಯಗೊಂಡವರು ಚಾಲಕನಿಂದಲೇ ಕೇಳುತ್ತಾರೆ.

ಮಾಲೀಕನಾದ ಕಂಪನಿಯಿಂದ ಕೇಳಬಾರದೇ ಎಂದರೆ, ಆ ಬಾಗಿಲು 2005ರಲ್ಲಿ ಮುಚ್ಚಿತು. ಅದಕ್ಕೆ ಮುನ್ನ ನ್ಯೂಯಾರ್ಕ್ ಮುಂತಾದ ಕೆಲವು ರಾಜ್ಯಗಳಲ್ಲಿ ವಾಹನದ ಮಾಲೀಕನೆಂಬ ಕಾರಣಕ್ಕೇ ಬಾಡಿಗೆ ಕಂಪನಿಯನ್ನು ಹೊಣೆಗಾರನನ್ನಾಗಿಸಬಹುದಾಗಿತ್ತು. 2005ರ ಆಗಸ್ಟಿನಲ್ಲಿ ಮಿಸೌರಿಯ ಸಂಸದ ಸ್ಯಾಮ್ ಗ್ರೇವ್ಸ್ ಅವರ ಹೆಸರಿನ ತಿದ್ದುಪಡಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನಾಯಿತು. ಕಂಪನಿಯದೇ ನಿರ್ಲಕ್ಷ್ಯವಿದ್ದರೆ ಮಾತು ಬೇರೆ. ಮಾಲೀಕತ್ವ ಒಂದೇ ಕಾರಣದಿಂದ ಬಾಡಿಗೆದಾರನ ತಪ್ಪಿಗೆ ಕಂಪನಿಯನ್ನು ಹಿಡಿಯುವಂತಿಲ್ಲ. ಅಂದರೆ ಅಮೆರಿಕದ ರಸ್ತೆಯಲ್ಲಿ ಬಾಡಿಗೆ ಕಾರಿನ ಚಕ್ರ ಹಿಡಿದವನು, ತನ್ನ ಕೈಯಲ್ಲಿ ಸಾಕಷ್ಟು ರಕ್ಷಣೆ ಇಲ್ಲದಿದ್ದರೆ, ಒಬ್ಬಂಟಿ.

ಇದಕ್ಕೆ ಕೌಂಟರಿನಲ್ಲಿ ಸಿಗುವ ಉತ್ತರ ಸಪ್ಲಿಮೆಂಟಲ್ ಲಯಬಿಲಿಟಿ ಎಂಬ ಹೆಚ್ಚುವರಿ ಹೊಣೆವಿಮೆ. ಇದು ರಕ್ಷಣೆಯ ಮೊತ್ತವನ್ನು ಸಾಮಾನ್ಯವಾಗಿ 3 ಲಕ್ಷ ಡಾಲರಿಗೆ, ಕೆಲವು ಕರಾರುಗಳಲ್ಲಿ 10 ಲಕ್ಷ ಡಾಲರಿಗೆ ಏರಿಸುತ್ತದೆ. ಉಳಿತಾಯ ಮಾಡಲೇಬೇಕೆಂದಿದ್ದರೆ ಕಾರಿನ ಗೀರಿನ ರಕ್ಷಣೆಯಲ್ಲಿ ಮಾಡಿ, ಟಯರು, ಗಾಜಿನ ರಕ್ಷಣೆಯಲ್ಲಿ ಮಾಡಿ, ಇದರಲ್ಲಿ ಮಾಡಬೇಡಿರೆಂದು ನಾವು ಒತ್ತಿ ಹೇಳುತ್ತೇವೆ. ‘ನಾವು ತಿಂಗಳೊಪ್ಪತ್ತಿನಲ್ಲಿ ಊರಿಗೆ ಹಿಂದಿರುಗುವವರು, ಅಲ್ಲಿಯ ನ್ಯಾಯಾಲಯ ನಮ್ಮನ್ನೇನು ಮಾಡೀತು’ ಎನ್ನುವವರನ್ನೂ ಕಂಡಿದ್ದೇವೆ. ಅಮೆರಿಕದ ತೀರ್ಪು ಭಾರತದಲ್ಲಿ ನೇರವಾಗಿ ಜಾರಿಯಾಗುವುದಿಲ್ಲವೆಂಬುದು ನಿಜ. ಆದರೆ ಅದರ ಆಧಾರದ ಮೇಲೆ ಇಲ್ಲಿಯ ನ್ಯಾಯಾಲಯದಲ್ಲಿ ದಾವೆ ಹೂಡಲು ಅವಕಾಶವಿದೆ. ಅದು ಹಾಗಿರಲಿ. ನಮ್ಮ ಕಾರಿಗೆ ಸಿಕ್ಕು ಕಾಲು ಮುರಿದುಕೊಂಡವನೂ ಯಾರದೋ ಮನೆಯ ದುಡಿಯುವ ಮಗ. ಅವನ ಚಿಕಿತ್ಸೆಯ ವೆಚ್ಚ ತಪ್ಪಿಸಿಕೊಂಡು ಬಂದೆವೆಂಬುದನ್ನು ಜಾಣತನವೆಂದು ನಾವು ಒಪ್ಪಲಾರೆವು.

ಈಗಾಗಲೇ ಕೈಯಲ್ಲಿರುವುದೇನು

ಕೌಂಟರಿನಲ್ಲಿ ಕೊಳ್ಳುವ ಮುನ್ನ ಮನೆಯಲ್ಲಿಯೇ ಇರುವ ರಕ್ಷಣೆ ಯಾವುದೆಂದು ನೋಡಬೇಕು. ಅಲ್ಲಿ ನೆಲೆಸಿರುವ ಮಗ ತನ್ನ ಹೆಸರಿನಲ್ಲಿ ಕಾರು ಪಡೆದು ತಾನೇ ನಡೆಸುವುದಾದರೆ, ಅವನ ಸ್ವಂತ ಕಾರಿನ ಪಾಲಿಸಿ ಬಹಳಷ್ಟು ಸಂದರ್ಭಗಳಲ್ಲಿ ಬಾಡಿಗೆ ಕಾರಿಗೂ ಅಷ್ಟೇ ಪ್ರಮಾಣದಲ್ಲಿ ಅನ್ವಯಿಸುತ್ತದೆ. ಆ ಪಾಲಿಸಿಯ ಹೊಣೆಮಿತಿ ಎಷ್ಟು, ಕಾರಿನ ಹಾನಿಯೂ ಅದರಲ್ಲಿ ಸೇರಿದೆಯೇ, ಮೊದಲು ಕೈಯಿಂದ ತೆರಬೇಕಾದ ಡಿಡಕ್ಟಿಬಲ್ ಎಷ್ಟು ಎಂಬ ಮೂರು ಮಾತುಗಳನ್ನು ಅವನು ತನ್ನ ವಿಮಾ ಕಂಪನಿಗೆ ಫೋನು ಮಾಡಿ ಕೇಳಿದರೆ ಸಾಕು. ಆದರೆ ಭಾರತದಿಂದ ಹೋದ ತಂದೆಯು ತಾನೇ ಕಾರು ಪಡೆದರೆ ಮಗನ ಪಾಲಿಸಿ ಅವರ ಬೆನ್ನಿಗೆ ನಿಲ್ಲುತ್ತದೆಂದು ಭಾವಿಸಲಾಗದು.

ಕ್ರೆಡಿಟ್ ಕಾರ್ಡಿನ ರಕ್ಷಣೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಅಮೆರಿಕದ ಅನೇಕ ಕಾರ್ಡುಗಳು ಬಾಡಿಗೆ ಕಾರಿನ ಹಾನಿಯನ್ನು ಭರಿಸುತ್ತವೆ. ಬಾಡಿಗೆಯನ್ನೆಲ್ಲ ಆ ಕಾರ್ಡಿನಿಂದಲೇ ತೆತ್ತಿರಬೇಕು, ಕಂಪನಿಯ ವೇವರನ್ನು ನಿರಾಕರಿಸಿರಬೇಕು ಎಂಬ ಷರತ್ತುಗಳಿರುತ್ತವೆ. ಇದು ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಬೇರೆಯವರಿಗಾದ ಹಾನಿಗೆ ಕಾರ್ಡು ಬಿಡಿಗಾಸು ಕೊಡುವುದಿಲ್ಲ. ಹಾಗೆಯೇ ನಾವು ಇಲ್ಲಿಂದ ಹೋಗುವಾಗ ಮಾಡಿಸುವ ಪ್ರವಾಸ ವಿಮೆ ನಮ್ಮ ಆಸ್ಪತ್ರೆಯ ಖರ್ಚಿಗಾಗಿ ಇರುವಂತಹದು. ಅದನ್ನು ಕಾರಿನ ವಿಮೆಯೆಂದು ಎಣಿಸಬಾರದು. ಅದರೊಳಗೆ ಹೊಣೆಯ ಕಲಮು ಇದ್ದರೂ ವಾಹನ ಚಾಲನೆಯನ್ನು ಹೊರಗಿಟ್ಟಿರುವುದೇ ಹೆಚ್ಚು. ಆದರೆ ಒಂದು ಪ್ರಯೋಜನ ಅದರಿಂದ ಉಂಟು: ಒಳ್ಳೆಯ ಪ್ರವಾಸ ವಿಮೆ ಇದ್ದವರು ಕೌಂಟರಿನಲ್ಲಿ ಮಾರುವ ಪರ್ಸನಲ್ ಆಕ್ಸಿಡೆಂಟ್ ರಕ್ಷಣೆಯನ್ನು ಮತ್ತೆ ಕೊಳ್ಳುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ.

ಇನ್ನೊಂದು ದಾರಿ ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. ಪರದೇಶದ ಪ್ರವಾಸಿಗರಿಗೆಂದು ದೊಡ್ಡ ಕಂಪನಿಗಳು ವೇವರನ್ನೂ ಹೊಣೆವಿಮೆಯನ್ನೂ ಬಾಡಿಗೆಯೊಳಗೇ ಸೇರಿಸಿದ ದರಗಳನ್ನು ಇಟ್ಟಿರುತ್ತವೆ. ವಾಸದ ದೇಶ ಭಾರತ ಎಂದು ನಮೂದಿಸಿ ಇಲ್ಲಿಂದಲೇ ಕಾದಿರಿಸಿದಾಗ ಅವು ಸಿಗುವ ಸಂಭವವುಂಟು. ‘ಅಪ್ಪಾ, ನೀವೇನೂ ಚಿಂತಿ ಮಾಡಬ್ಯಾಡ್ರಿ, ನಾನಽ ಇಲ್ಲಿಂದ ಬುಕ್ ಮಾಡ್ತೀನಿ’ ಎಂದು ಮಗ ಪ್ರೀತಿಯಿಂದ ಅಮೆರಿಕದ ವಿಳಾಸ ಹಾಕಿ ಕಾದಿರಿಸಿದರೆ ಕಡಿಮೆ ದರ ಕಾಣುತ್ತದೆ. ಏಕೆಂದರೆ ಅದರೊಳಗೆ ಎರಡೂ ಇರುವುದಿಲ್ಲ. ಎರಡು ದರಗಳನ್ನೂ ಎದುರುಬದುರಿಗಿಟ್ಟು, ಒಳಗೆ ಏನೇನು ಸೇರಿದೆಯೆಂಬ ಪುಟವನ್ನು ಓದಿ, ಆ ಪುಟದ ಮುದ್ರಿತ ಪ್ರತಿಯನ್ನು ಜೊತೆಗೊಯ್ಯಬೇಕು. ಸೇರಿರುವುದನ್ನೇ ಕೌಂಟರಿನಲ್ಲಿ ಮತ್ತೊಮ್ಮೆ ಕೊಂಡು ಬಂದವರಿದ್ದಾರೆ.

ಬೀಗದ ಕೈ ಯಾರ ಕೈಯಲ್ಲಿ

ನಮ್ಮ ಮನೆಗಳಲ್ಲಿ ಕಾರಿನ ಬೀಗದ ಕೈ ಗೋಡೆಯ ಮೊಳೆಗೆ ತೂಗಾಡುತ್ತಿರುತ್ತದೆ. ತಮ್ಮನಿಗೆ ಬೇಕಾದರೆ ತಮ್ಮ, ಅಳಿಯ ಬಂದರೆ ಅಳಿಯ, ಹಾಲು ತರಲು ಪಕ್ಕದ ಮನೆಯ ಹುಡುಗನೂ ಒಯ್ಯುತ್ತಾನೆ. ಬಾಡಿಗೆ ಕಾರಿನಲ್ಲಿ ಈ ಔದಾರ್ಯಕ್ಕೆ ಎಡೆಯಿಲ್ಲ. ಕರಾರಿನಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ನಡೆಸಬೇಕು. ದೂರದ ಪ್ರಯಾಣದಲ್ಲಿ ಮಾವನವರಿಗೆ ದಣಿವಾಯಿತೆಂದು ಹೆಸರಿಲ್ಲದ ಅಳಿಯ ಅರ್ಧ ಗಂಟೆ ಚಕ್ರ ಹಿಡಿದು, ಆ ಅರ್ಧ ಗಂಟೆಯಲ್ಲಿಯೇ ಅಪಘಾತವಾದರೆ, ಹಣ ತೆತ್ತು ಕೊಂಡ ವೇವರೂ ಹೊಣೆವಿಮೆಯೂ ಕೈಬಿಡಬಹುದು. ಹೆಚ್ಚುವರಿ ಚಾಲಕನ ಹೆಸರು ಸೇರಿಸಲು ದಿನಶುಲ್ಕವಿರುತ್ತದೆ. ಪತಿ ಅಥವಾ ಪತ್ನಿಗೆ ಅನೇಕ ಕಂಪನಿಗಳು ಅದನ್ನು ಬಿಡುತ್ತವೆ. 25 ವರ್ಷದೊಳಗಿನ ಚಾಲಕರಿಗೆ ಬೇರೆಯೇ ಶುಲ್ಕವಿದೆ. ಇವು ಕಿರಿಕಿರಿಯ ಶುಲ್ಕಗಳೇ ಸರಿ, ಆದರೂ ಇವನ್ನು ತೆರಬೇಕು.

ಸಮಾವೇಶಕ್ಕೋ ಮದುವೆಗೋ ಹೊರಟಾಗ ‘ಎಲ್ಲರೂ ಒಂದೇ ಗಾಡಿಯಲ್ಲಿ’ ಎಂಬ ಆಸೆಯಿಂದ 15 ಆಸನದ ವ್ಯಾನು ಪಡೆಯುವುದೂ ನಮ್ಮವರಲ್ಲಿ ಉಂಟು. ಹತ್ತು ಅಥವಾ ಹೆಚ್ಚು ಜನ ಕುಳಿತಾಗ ಇಂತಹ ವ್ಯಾನು ಉರುಳಿಬೀಳುವ ಸಂಭವ ಕಡಿಮೆ ಜನರಿದ್ದಾಗಿನ ಸುಮಾರು ಮೂರು ಪಟ್ಟು ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವು 2001ರಲ್ಲಿಯೇ ಎಚ್ಚರಿಸಿತ್ತು. ಕ್ರೆಡಿಟ್ ಕಾರ್ಡುಗಳ ರಕ್ಷಣೆಯಿಂದಲೂ ಇಷ್ಟು ದೊಡ್ಡ ವ್ಯಾನುಗಳು ಸಾಮಾನ್ಯವಾಗಿ ಹೊರಗೆ. ಏಳು ಆಸನದ ಎರಡು ವಾಹನಗಳು ಇದಕ್ಕಿಂತ ಮೇಲು.

ದಾರಿಯಲ್ಲಿ

ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಯನ್ನು ನೋಡದೆ ಬರುವ ಪ್ರವಾಸಿಗರು ಕಡಿಮೆ. 2013ರ ಮಾರ್ಚ್ 27ರಿಂದ ಅಲ್ಲಿ ನಗದು ಪಡೆಯುವ ಗುಮಾಸ್ತರಿಲ್ಲ. ದಕ್ಷಿಣಕ್ಕೆ, ಅಂದರೆ ನಗರದ ಕಡೆಗೆ ಬರುವ ವಾಹನಗಳ ನಂಬರ್ ಪ್ಲೇಟಿನ ಚಿತ್ರ ತೆಗೆದು ಸುಂಕ ಹಾಕುತ್ತಾರೆ. ನಗರದಿಂದ ಉತ್ತರಕ್ಕೆ ಹೋಗುವಾಗ ಸುಂಕವಿಲ್ಲ. ನಂಬರ್ ಪ್ಲೇಟು ಬಾಡಿಗೆ ಕಂಪನಿಯದಾದುದರಿಂದ ಬಿಲ್ಲು ಅಲ್ಲಿಗೆ ಹೋಗುತ್ತದೆ. ಕಂಪನಿಯು ಸುಂಕದ ಮೇಲೆ ತನ್ನ ಸೇವಾಶುಲ್ಕವನ್ನೂ ಸೇರಿಸುತ್ತದೆ. ಕೆಲವು ಕಂಪನಿಗಳು ಒಮ್ಮೆ ಸುಂಕದ ಹಾದಿ ಹಿಡಿದರೆ ಬಾಡಿಗೆಯ ಅಷ್ಟೂ ದಿನಗಳಿಗೆ ಈ ಶುಲ್ಕ ಹಾಕುತ್ತವೆ. ಹತ್ತು ಡಾಲರಿನ ಸುಂಕಕ್ಕೆ ಐವತ್ತು ಡಾಲರ್ ತೆತ್ತವರು ಕಡಿಮೆಯೇನಿಲ್ಲ. ಈ ಸೇತುವೆಯ ಸುಂಕವನ್ನಂತೂ ದಾಟಿದ 48 ಗಂಟೆಯೊಳಗೆ ನಾವೇ ಕಟ್ಟಲು ಬರುತ್ತದೆ. ಕಾರಿನ ಗಾಜಿಗೆ ಅಂಟಿಸಿದ ಕಂಪನಿಯ ಸುಂಕದ ಪೆಟ್ಟಿಗೆ ತೆರೆದಿದ್ದರೆ ಅದು ತಾನಾಗಿ ಲೆಕ್ಕ ಬರೆದುಕೊಳ್ಳುತ್ತದೆ. ಹೊರಡುವ ಮೊದಲೇ ಅದನ್ನು ಮುಚ್ಚುವುದು ಹೇಗೆಂದು ಕೇಳಿಕೊಳ್ಳಬೇಕು. ಇದೇ ನಗರದಲ್ಲಿ ನಿಲ್ಲಿಸಿದ ಬಾಡಿಗೆ ಕಾರುಗಳ ಗಾಜು ಒಡೆದು ಚೀಲ ಕದಿಯುವುದು ಹೆಸರಾದ ಉಪದ್ರವ. ಗಾಜಿನ ಹಾನಿಯನ್ನು ವೇವರ್ ತೆರಬಹುದು. ಪಾಸ್‌ಪೋರ್ಟನ್ನು ಯಾವ ವೇವರೂ ತಂದುಕೊಡದು. ಅದು ಮೈಮೇಲೆಯೇ ಇರಲಿ.

ಇಂಧನದ ಮಾತು ಸರಳ. ತುಂಬಿದ ಟ್ಯಾಂಕಿನೊಡನೆ ಪಡೆದು, ತುಂಬಿಸಿ ಹಿಂದಿರುಗಿಸುವ ಕರಾರೇ ಉತ್ತಮ. ಮೊದಲೇ ಇಡೀ ಟ್ಯಾಂಕಿನ ಹಣ ಕಟ್ಟುವ ಯೋಜನೆಯಲ್ಲಿ ಉಳಿದ ಪೆಟ್ರೋಲು ಕಂಪನಿಗೆ ದಾನ. ಅಲ್ಲಿ ಅಳತೆ ಗ್ಯಾಲನಿನದು, ಒಂದು ಗ್ಯಾಲನ್ ಎಂದರೆ 3.785 ಲೀಟರ್. ಪಂಪಿನಲ್ಲಿ ನಾವೇ ತುಂಬಿಸಿಕೊಳ್ಳುವಾಗ ಯಂತ್ರವು ಐದಂಕಿಯ ಅಮೆರಿಕದ ಅಂಚೆ ಸಂಖ್ಯೆ ಕೇಳುತ್ತದೆ. ನಮ್ಮ ಬ್ಯಾಂಕಿನ ಕಾರ್ಡಿಗೆ ಅದಿಲ್ಲ. ಗಾಬರಿ ಬೇಡ. ಒಳಗಿನ ಅಂಗಡಿಗೆ ಹೋಗಿ ಪಂಪಿನ ಸಂಖ್ಯೆ ಹೇಳಿ ಮುಂಗಡ ಹಣ ಕೊಟ್ಟರೆ ಪೆಟ್ರೋಲು ಬರುತ್ತದೆ.

ಕಾರ್ಡಿನ ಮಾತು ಬಂದಿತು. ಕಾರು ಪಡೆಯುವವರ ಹೆಸರಿನಲ್ಲಿಯೇ ಕ್ರೆಡಿಟ್ ಕಾರ್ಡು ಇರಬೇಕು. ಡೆಬಿಟ್ ಕಾರ್ಡನ್ನು ಅನೇಕ ಶಾಖೆಗಳು ಒಪ್ಪುವುದಿಲ್ಲ. ಬಾಡಿಗೆಯ ಮೇಲೆ ಇನ್ನಷ್ಟು ಮೊತ್ತವನ್ನು ಠೇವಣಿಯಾಗಿ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಕಾರು ಮರಳಿಸಿದ ಮೇಲೂ ಅದು ಬಿಡುಗಡೆಯಾಗಲು ಕೆಲವು ದಿನ ಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ. ಅದನ್ನು ಇಲ್ಲಿಂದ ಹೊರಡುವ ಮೊದಲೇ ತೆರೆಸಿಕೊಳ್ಳಬೇಕು. ಚಾಲನಾ ಪರವಾನಗಿಯ ಜೊತೆಗೆ ನಮ್ಮ ಪ್ರಾದೇಶಿಕ ಸಾರಿಗೆ ಕಚೇರಿ ಕೊಡುವ ಅಂತರರಾಷ್ಟ್ರೀಯ ಪರವಾನಗಿಯನ್ನೂ ಪಡೆದಿರುವುದು ಒಳಿತು. 1949ರ ಜಿನೀವಾ ಒಪ್ಪಂದದ ಮೇಲೆ ನಿಂತಿರುವ ಆ ಪುಸ್ತಿಕೆ ಒಂದು ವರ್ಷಕ್ಕೆ ಸಲ್ಲುತ್ತದೆ. ಮೂಲ ಪರವಾನಗಿಯನ್ನು ಮನೆಯಲ್ಲಿಟ್ಟು ಇದೊಂದನ್ನೇ ಒಯ್ದರೆ ಪ್ರಯೋಜನವಿಲ್ಲ.

ಬೇರೆ ದೇಶಗಳಿಗೆ ಹೋಗುವವರು ಅಮೆರಿಕದ ಈ ಪಾಠವನ್ನು ಹಾಗೆಯೇ ಒಯ್ಯಬಾರದು. ಬ್ರಿಟನ್ನಿನಲ್ಲಿ ಕಾನೂನು ಬೇಡುವ ವಿಮೆಯಲ್ಲಿ ಇತರರ ದೇಹಹಾನಿಗೆ ಮಿತಿಯೇ ಇಲ್ಲ. ಅದು ಬಾಡಿಗೆಯೊಳಗೇ ಬರುತ್ತದೆ. ಅಲ್ಲಿಯ ಚಿಂತೆ ಎಕ್ಸೆಸ್, ಅಂದರೆ ಕಾರಿನ ಹಾನಿಯಲ್ಲಿ ನಾವು ಕೈಯಿಂದ ತೆರಬೇಕಾದ ಮೊದಲ ಪಾಲು. ಲಂಡನ್ನಿನ ಥೇಮ್ಸ್ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಕಾಣಲು ಕಾರಿನಲ್ಲಿ ಹೋಗುವವರು ತಿಳಿದಿರಲಿ, ಆ ದಂಡೆ ನಗರದ ದಟ್ಟಣೆ ಶುಲ್ಕದ ವಲಯದೊಳಗಿದೆ. 2026ರ ಜನವರಿ 2ರಿಂದ ದಿನಕ್ಕೆ 18 ಪೌಂಡ್. ಪ್ರಯಾಣದ ದಿನ ಕಳೆದು ಮೂರನೆಯ ದಿನದ ಮಧ್ಯರಾತ್ರಿಯೊಳಗೆ ನಾವೇ ಕಟ್ಟದಿದ್ದರೆ ದಂಡವೂ ಅದರ ಮೇಲೆ ಕಂಪನಿಯ ಕಾಗದಶುಲ್ಕವೂ ಬರುತ್ತದೆ. ಅಲ್ಲಿಗೆ ರೈಲಿನಲ್ಲಿ ಹೋಗುವುದೇ ಸುಖ. ನ್ಯೂಜಿಲೆಂಡಿನಲ್ಲಿ ವಾಹನ ವಿಮೆಯೇ ಕಡ್ಡಾಯವಲ್ಲ. 1974ರ ಏಪ್ರಿಲ್ 1ರಿಂದ ಅಪಘಾತದ ಗಾಯಗಳನ್ನು ಸರ್ಕಾರಿ ಪರಿಹಾರ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ, ಪ್ರವಾಸಿಗರ ಗಾಯಗಳನ್ನೂ ಸಹ. ಐಸ್‌ಲೆಂಡಿನಲ್ಲಿ ಮರಳು ಮತ್ತು ಜ್ವಾಲಾಮುಖಿಯ ಬೂದಿಯ ಹಾನಿಗೆಂದೇ ಬೇರೆ ರಕ್ಷಣೆ ಮಾರುತ್ತಾರೆ. ಅಲ್ಲಿನ ಗಾಳಿಗೆ ಕಾರಿನ ಬಾಗಿಲು ಮುರಿದು ಹೋಗುವುದುಂಟು!

ಹಿಂದಿರುಗಿಸುವಾಗ

ಪಡೆಯುವಾಗ ಮತ್ತು ಮರಳಿಸುವಾಗ ಕಾರಿನ ನಾಲ್ಕೂ ಬದಿ, ಚಕ್ರಗಳು, ಗಾಜು, ಚಾವಣಿ, ಇಂಧನದ ಮುಳ್ಳು, ಓಡಿದ ಮೈಲಿ ಇವುಗಳ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಹಿಂದೆ ಇದು ಒಳ್ಳೆಯ ಅಭ್ಯಾಸವಷ್ಟೇ ಆಗಿತ್ತು, ಈಗ ಅಗತ್ಯ. 2025ರಲ್ಲಿ ಹರ್ಟ್ಜ್ ಕಂಪನಿಯು ಅಟ್ಲಾಂಟಾ ವಿಮಾನ ನಿಲ್ದಾಣದಿಂದ ಆರಂಭಿಸಿ, ಕಾರು ಹಾದುಹೋಗುವಾಗಲೇ ಗೀರುಗಳನ್ನು ಗುರುತಿಸುವ ಯಂತ್ರಗಳನ್ನು ಸ್ಥಾಪಿಸಿತು. ಚಕ್ರದ ಮೇಲಿನ ಅಂಗುಲದುದ್ದದ ಗೀರಿಗೆ 440 ಡಾಲರ್ ಬಿಲ್ಲು ಬಂದ ಸುದ್ದಿ ಆ ವರ್ಷ ಪ್ರಕಟವಾಯಿತು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ; ನಮ್ಮ ಬಳಿಯ ದಿನಾಂಕವುಳ್ಳ ಚಿತ್ರವೇ ಅದಕ್ಕೆ ಉತ್ತರ.

ಇನ್ನೆರಡು ದಿನ ಕಾರು ಬೇಕೆನಿಸಿದರೆ ಮೊದಲೇ ಕಂಪನಿಗೆ ತಿಳಿಸಿ ಅವಧಿ ವಿಸ್ತರಣೆಯನ್ನು ಲಿಖಿತವಾಗಿ ಪಡೆಯಬೇಕು. ಬಾಡಿಗೆ ಕಾರುಗಳನ್ನು ಕಳುವಾದವೆಂದು ತಪ್ಪಾಗಿ ಪೊಲೀಸರಿಗೆ ವರದಿ ಮಾಡಿದ್ದರಿಂದ ಗ್ರಾಹಕರು ಬಂಧನಕ್ಕೊಳಗಾದ ಪ್ರಕರಣಗಳು ಅಲ್ಲಿ ನಡೆದಿವೆ. ಇಂತಹ 364 ದೂರುಗಳ ಇತ್ಯರ್ಥಕ್ಕೆ ಇದೇ ಹರ್ಟ್ಜ್ ಕಂಪನಿಯು 2022ರ ಡಿಸೆಂಬರಿನಲ್ಲಿ 16 ಕೋಟಿ 80 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಫೋನಿನಲ್ಲಿ ಹೇಳಿದ ಮಾತಿಗಿಂತ ಕೈಯಲ್ಲಿರುವ ಕಾಗದ ಹೆಚ್ಚು.

ಅಪಘಾತವೇ ಆದರೆ ವಾಹನ ನಿಲ್ಲಿಸಿ, ಗಾಯಗಳಾಗಿದ್ದರೆ 911ಕ್ಕೆ ಕರೆ ಮಾಡಿ, ಎದುರು ಚಾಲಕನ ಪರವಾನಗಿ ಮತ್ತು ವಿಮೆಯ ವಿವರ ಬರೆದುಕೊಂಡು, ಪೊಲೀಸ್ ವರದಿಯ ಸಂಖ್ಯೆ ಪಡೆದು, ಅಂದೇ ಕಂಪನಿಗೆ ತಿಳಿಸಬೇಕು. ಸ್ಥಳದಲ್ಲಿಯೇ ನಗದು ಕೊಟ್ಟು ರಾಜಿಯಾಗುವ ನಮ್ಮೂರ ಪದ್ಧತಿ ಅಲ್ಲಿ ಬೇಡ.

ಕಾರನ್ನು ಒಪ್ಪಿಸಿದ ಮೇಲೆ ಲೆಕ್ಕ ಚುಕ್ತವಾದ ರಸೀದಿಯನ್ನು ಪಡೆದೇ ಹೊರಡಬೇಕು. ಶಾಖೆ ಮುಚ್ಚಿದ ವೇಳೆಯಲ್ಲಿ ಬೀಗದ ಕೈಯನ್ನು ಪೆಟ್ಟಿಗೆಗೆ ಹಾಕಿ ಬಂದರೆ, ಮರುದಿನ ಅವರು ಬಾಗಿಲು ತೆರೆಯುವವರೆಗಿನ ಹೊಣೆ ಅನೇಕ ಕರಾರುಗಳಲ್ಲಿ ನಮ್ಮದೇ. ಸುಂಕದ ಬಿಲ್ಲುಗಳೂ ಸಂಚಾರ ದಂಡಗಳೂ ನಾವು ಊರಿಗೆ ಬಂದು ತಿಂಗಳು ಕಳೆದ ಮೇಲೂ ಅದೇ ಕಾರ್ಡಿನ ಮೇಲೆ ಬರುತ್ತವೆ. ಆದುದರಿಂದ ಕರಾರು, ರಸೀದಿ, ಚಿತ್ರಗಳು ಇವನ್ನು ಆರು ತಿಂಗಳಾದರೂ ಜೋಪಾನವಾಗಿಟ್ಟು, ಪ್ರತಿ ತಿಂಗಳ ಕಾರ್ಡಿನ ಲೆಕ್ಕದೊಡನೆ ತಾಳೆ ನೋಡುತ್ತಿರಬೇಕು.